ಟೀ ಶರ್ಟ್ ಮಾರಿದ್ದು, ಆಲ್ಬಂ ಎಣಿಸಿದ್ದು

ಅಕ್ಕನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಕೊರಿಯಾದ ಕೆ-ಪಾಪ್ ಸಂಗೀತ ಅಂದರೆ ಅವಳಿಗೆ ಪ್ರಾಣ. ಕಳೆದ ಸಲ ಅವಳ ರೂಮಿಗೆ ಹೋದಾಗ ಮೇಜಿನ ಮೇಲೆ ಒಂದೇ ಆಲ್ಬಂನ ಮೂರು ಪೆಟ್ಟಿಗೆ ಇದ್ದವು. ಮೂರರಲ್ಲೂ ಅದೇ ಸಿಡಿ, ಅದೇ ಹಾಡುಗಳು. ಹೊರಗಿನ ಚಿತ್ರ ಬೇರೆ, ಒಳಗಿನ ಫೋಟೊಕಾರ್ಡ್ ಬೇರೆ, ಅಷ್ಟೇ. ರೂಮಿನಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ. ಲ್ಯಾಪ್‌ಟಾಪಿನಲ್ಲೂ ಸಿಡಿ ಹಾಕುವ ಜಾಗ ಇರಲಿಲ್ಲ.

"ಮತ್ತೆ ಹಾಡು ಎಲ್ಲಿ ಕೇಳ್ತೀಯ?" ಅಂದೆ.

"ಫೋನಲ್ಲಿ ಮಾವ. ಇದು ಕೇಳೋಕಲ್ಲ, ಇಟ್ಕೊಳ್ಳೋಕೆ. ಜೊತೆಗೆ ಚಾರ್ಟಿಗೂ ಸಹಾಯ ಆಗುತ್ತೆ."

ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಕೇಳುವುದಕ್ಕಲ್ಲದೆ ಕೊಂಡ ಸಿಡಿ, ಜನ ಯಾವ ಸಂಗೀತ ಕೇಳುತ್ತಿದ್ದಾರೆ ಎಂದು ಹೇಳಬೇಕಾದ ಪಟ್ಟಿಯನ್ನು ಮೇಲೆ ಎತ್ತುತ್ತದೆ. ಇದು ಕೊರಿಯಾದಲ್ಲಿ ಮಾತ್ರ ನಡೆಯುವ ಕಥೆ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನ ನೋಡುವ ಆಲ್ಬಂ ಪಟ್ಟಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಬಿಲ್‌ಬೋರ್ಡ್ 200. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅದು ಇದೇ ಪ್ರಶ್ನೆಯ ಜೊತೆ ಗುದ್ದಾಡುತ್ತಿದೆ. ಟೀ ಶರ್ಟ್ ಜೊತೆ, ಸಂಗೀತ ಕಛೇರಿಯ ಟಿಕೆಟ್ ಜೊತೆ, ಕೊನೆಗೆ ಎನರ್ಜಿ ಡ್ರಿಂಕ್ ಜೊತೆ ಬಂದ ಆಲ್ಬಂ ಮಾರಾಟವೋ, ಅಲ್ಲವೋ?

ನಮ್ಮಲ್ಲಿ ಮದುವೆ ಊಟಕ್ಕೆ ಅಡುಗೆಯವರು ಎಲೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಎಷ್ಟು ಎಲೆ ಹಾಕಿದರೋ ಅಷ್ಟು ಊಟ. ಸಾಮಾನ್ಯವಾಗಿ ಈ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಯಾರೂ ಕೂರದ ಎಲೆ ಹಾಕಿದರೆ? ಅಥವಾ ಒಬ್ಬನೇ ನಾಲ್ಕು ಪಂಕ್ತಿಯಲ್ಲಿ ಕೂತರೆ? ಎಲೆ ಎಷ್ಟು ಎಂದು ಗೊತ್ತಾಗುತ್ತದೆ. ಉಂಡವರು ಎಷ್ಟು ಜನ ಎಂದು ಗೊತ್ತಾಗುವುದಿಲ್ಲ. ಆಲ್ಬಂ ಚಾರ್ಟಿನಲ್ಲಿ ಈ ಎರಡೂ ಆಗಿವೆ. ಮೊದಲನೆಯದಕ್ಕೆ ಬಂಡಲ್ ಎನ್ನುತ್ತಾರೆ, ಅಂದರೆ ಬೇರೆ ವಸ್ತುವಿನ ಜೊತೆ ಸೇರಿಸಿ ಮಾರಿದ ಆಲ್ಬಂ. ಎರಡನೆಯದಕ್ಕೆ ವೇರಿಯಂಟ್, ಅಂದರೆ ಒಂದೇ ಆಲ್ಬಂನ ಬೇರೆ ಬೇರೆ ರೂಪ.

ಎಣಿಸುವ ರೀತಿ ಬದಲಾದರೆ ಗೆದ್ದವರೂ ಬದಲಾಗುತ್ತಾರೆ. 1991ರ ಮೇ ತಿಂಗಳವರೆಗೆ ಬಿಲ್‌ಬೋರ್ಡ್ ಅಂಗಡಿಗಳನ್ನು ಕೇಳಿ ಪಟ್ಟಿ ಮಾಡುತ್ತಿತ್ತು. ಈ ವಾರ ಏನು ಚೆನ್ನಾಗಿ ಹೋಯಿತು ಎಂದು ಅಂಗಡಿಯವರು ಹೇಳಿದ್ದೇ ಲೆಕ್ಕ. ಆಮೇಲೆ ಸೌಂಡ್‌ಸ್ಕ್ಯಾನ್ ಬಂತು. ಬಿಲ್ ಮಾಡುವಾಗ ಬಾರ್‌ಕೋಡ್ ಓದಿ ಎಣಿಸುವ ವ್ಯವಸ್ಥೆ ಅದು. ಮರು ತಿಂಗಳೇ ಎನ್.ಡಬ್ಲ್ಯೂ.ಎ ಎಂಬ ಹಿಪ್‌ಹಾಪ್ ಗುಂಪಿನ ಆಲ್ಬಂ ಒಂದನೇ ಸ್ಥಾನಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಅವರ ಆಲ್ಬಂ ನೇರವಾಗಿ ಒಂದನೇ ಸ್ಥಾನದಲ್ಲೇ ಕಾಲಿಟ್ಟಿತು. ಈ ಸಂಗೀತಕ್ಕೆ ಕೇಳುಗರು ರಾತ್ರೋರಾತ್ರಿ ಹುಟ್ಟಿಕೊಂಡವರಲ್ಲ. ಅವರು ಮೊದಲಿಂದ ಇದ್ದರು, ಲೆಕ್ಕಕ್ಕೆ ಬಂದಿರಲಿಲ್ಲ ಅಷ್ಟೇ. ಚಾರ್ಟ್ ನಿಯಮಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಎಣಿಕೆ ನೆಟ್ಟಗಿದ್ದರೆ ಕಾಣದ ಕೇಳುಗರು ಕಾಣುತ್ತಾರೆ. ಎಣಿಕೆ ಸೊಟ್ಟಗಾದರೆ ಇರುವವರೂ ಮರೆಯಾಗುತ್ತಾರೆ.

ಬಂಡಲ್ ಕಥೆ ಶುರುವಾಗುವುದು 2004ರಲ್ಲಿ, ಅಮೆರಿಕದ ಗಾಯಕ ಪ್ರಿನ್ಸ್ ಅವರಿಂದ. ಆ ವರ್ಷ ಅವರ 'ಮ್ಯೂಸಿಕಾಲಜಿ' ಬಂತು. ಅವರ ಕಛೇರಿಗೆ ಟಿಕೆಟ್ ಕೊಂಡವರಿಗೆಲ್ಲ ಸಿಡಿ ಸಿಗುತ್ತಿತ್ತು. ಸಿಡಿಯ ಬೆಲೆ ಟಿಕೆಟ್ಟಿನ ಒಳಗೇ ಇತ್ತು. ಬೇಡ ಅನ್ನಲು ದಾರಿಯೇ ಇರಲಿಲ್ಲ. ಆ ಸಿಡಿಗಳೆಲ್ಲ ಮಾರಾಟವಾಗಿ ಲೆಕ್ಕಕ್ಕೆ ಬಂದವು. ಬೇರೆ ಲೇಬಲ್‌ಗಳು, ಅಂದರೆ ಆಲ್ಬಂ ಹೊರತರುವ ಕಂಪನಿಗಳು, ತಕರಾರು ಮಾಡಿದವು. ಬಿಲ್‌ಬೋರ್ಡ್ ನಿಯಮ ಬದಲಿಸಿತು: ಆಲ್ಬಂ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಅವಕಾಶ ಗ್ರಾಹಕನಿಗೆ ಇರಲೇಬೇಕು.

ಆಮೇಲೆ ಆಗಿದ್ದು ನಮ್ಮ ಗಾದೆಯಂತೆಯೇ. ಒಬ್ಬರು ಚಾಪೆ ಕೆಳಗೆ ತೂರಿದರೆ ಇನ್ನೊಬ್ಬರು ರಂಗೋಲಿ ಕೆಳಗೆ ತೂರಿದರು. 2011ರಲ್ಲಿ ಲೇಡಿ ಗಾಗಾ ಅವರ 'ಬಾರ್ನ್ ದಿಸ್ ವೇ' ಮೊದಲ ವಾರದಲ್ಲೇ 11 ಲಕ್ಷ ದಾಟಿತು. ಅದರಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಪ್ರತಿಗಳು ಅಮೆಜಾನಿನಲ್ಲಿ 99 ಸೆಂಟಿಗೆ ಹೋಗಿದ್ದವು. ಆ ವರ್ಷವೇ ಹೊಸ ನಿಯಮ ಬಂತು. ಬಿಡುಗಡೆಯಾದ ಮೊದಲ ನಾಲ್ಕು ವಾರ 3.49 ಡಾಲರಿಗಿಂತ ಕಮ್ಮಿಗೆ ಮಾರಿದರೆ ಲೆಕ್ಕಕ್ಕಿಲ್ಲ. 2013ರಲ್ಲಿ ಜೇ-ಜೀ ಅವರ ಆಲ್ಬಂನ ಹತ್ತು ಲಕ್ಷ ಪ್ರತಿಗಳನ್ನು ಸ್ಯಾಮ್ಸಂಗ್ ಕೊಂಡು ತನ್ನ ಫೋನ್ ಇದ್ದವರಿಗೆ ಹಂಚಿತು. ಬಿಲ್‌ಬೋರ್ಡ್ ಅವನ್ನು ಎಣಿಸಲಿಲ್ಲ. ಆದರೆ ಹೆಚ್ಚು ಮಾರಾಟವಾದ ಆಲ್ಬಂಗಳಿಗೆ ಪ್ಲಾಟಿನಂ ಗೌರವ ಕೊಡುವ ಸಂಸ್ಥೆ ತನ್ನ ನಿಯಮವನ್ನೇ ಬದಲಿಸಿ ಎಣಿಸಿತು. ಒಂದೇ ಮಾರಾಟ, ಎರಡು ಕಡೆ ಎರಡು ಉತ್ತರ.

ಟೀ ಶರ್ಟಿಗೆ ಇಷ್ಟು ಬಲ ಬಂದದ್ದು ಸ್ಟ್ರೀಮಿಂಗ್ ಬಂದ ಮೇಲೆ. 2000ದಲ್ಲಿ ಅಮೆರಿಕದ ಮಾರುಕಟ್ಟೆಗೆ 90 ಕೋಟಿಗೂ ಜಾಸ್ತಿ ಸಿಡಿ ಹೋಗಿದ್ದವು. ಅಲ್ಲಿಂದ ಮುಂದೆ ಇಳಿಯುತ್ತಲೇ ಬಂತು. ಜನ ಫೋನಿನಲ್ಲಿ ಕೇಳತೊಡಗಿದರು. 2014ರ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ಸ್ಟ್ರೀಮಿಂಗನ್ನೂ ಆಲ್ಬಂ ಲೆಕ್ಕಕ್ಕೆ ಸೇರಿಸಿತು. 1,500 ಸಲ ಹಾಡು ಹಾಕಿದರೆ ಒಂದು ಆಲ್ಬಂ ಮಾರಿದಂತೆ. 2018ರಲ್ಲಿ ಅದು ಎರಡಾಯಿತು. ದುಡ್ಡು ಕಟ್ಟುವವರದ್ದಾದರೆ 1,250 ಸಲ, ಜಾಹೀರಾತು ಕೇಳಿಕೊಂಡು ಪುಕ್ಕಟೆ ಕೇಳುವವರದ್ದಾದರೆ 3,750 ಸಲ. 2026ರ ಜನವರಿಯಿಂದ ಇದನ್ನು 1,000 ಮತ್ತು 2,500ಕ್ಕೆ ಇಳಿಸಿದ್ದಾರೆ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಒಂದು ಆಲ್ಬಂನಲ್ಲಿ 15 ಹಾಡು ಇವೆ ಎಂದುಕೊಳ್ಳಿ. 2018ರ ಲೆಕ್ಕದಲ್ಲಿ ತಿಂಗಳ ಚಂದಾ ಕಟ್ಟುವ ಒಬ್ಬ ಕೇಳುಗ ಆ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಸುಮಾರು 83 ಸಲ ಕೇಳಬೇಕು. ಆಗ ಒಂದು ಯೂನಿಟ್, ಅಂದರೆ ಒಂದು ಆಲ್ಬಂ ಮಾರಿದ ಲೆಕ್ಕ, ಆಗುತ್ತದೆ. ಪುಕ್ಕಟೆ ಕೇಳುವವನು 250 ಸಲ ಕೇಳಬೇಕು. ಇನ್ನೊಬ್ಬ ಅಭಿಮಾನಿ ಗಾಯಕನ ವೆಬ್‌ಸೈಟಿಗೆ ಹೋಗಿ ಒಂದು ಹೂಡಿ (ತಲೆಗವಸು ಇರುವ ಅಂಗಿ) ಕೊಳ್ಳುತ್ತಾನೆ. ಅದರ ಜೊತೆ ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೋಡ್ ಬರುತ್ತದೆ. ಅವನದೂ ಒಂದು ಯೂನಿಟ್. ಅವನು ಆ ಆಲ್ಬಮ್ಮನ್ನು ಒಂದು ಸಲವೂ ಕೇಳದೆ ಇರಬಹುದು. ವಾರಪೂರ್ತಿ ಮನಸಾರೆ ಕೇಳಿದ ಹುಡುಗಿಗಿಂತ ಚಾರ್ಟಿನ ಕಣ್ಣಿಗೆ ಅವನ ತೂಕವೇ ಜಾಸ್ತಿ. ಹೀಗಿರುವಾಗ ಲೇಬಲ್ ಯಾರ ಹಿಂದೆ ಹೋಗುತ್ತದೆ ಹೇಳಿ?

ಅದರಲ್ಲೂ ಮೊದಲ ವಾರದಲ್ಲಿ. ಒಂದನೇ ಸ್ಥಾನ ಎಂಬುದು ಬರೀ ಹೆಮ್ಮೆಯ ಮಾತಲ್ಲ. ಪತ್ರಿಕೆಗಳಲ್ಲಿ ಸುದ್ದಿ, ಕಾರ್ಯಕ್ರಮಗಳಿಗೆ ಕರೆ, ಮುಂದಿನ ಒಪ್ಪಂದದಲ್ಲಿ ಹೆಚ್ಚಿನ ದುಡ್ಡು, ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಇನ್ನೊಂದು ಕಾರಣವೂ ಇದೆ. ಮೊದಲೆಲ್ಲ ಲೇಬಲ್‌ಗೆ ಆಲ್ಬಂ ದುಡ್ಡು, ಗಾಯಕರಿಗೆ ಕಛೇರಿ ಮತ್ತು ಟೀ ಶರ್ಟ್ ದುಡ್ಡು ಎಂಬಂತಿತ್ತು. ಸಿಡಿ ಬಿದ್ದ ಮೇಲೆ ಲೇಬಲ್‌ಗಳು 360 ಡೀಲ್ ಎಂಬ ಒಪ್ಪಂದ ತಂದವು. ಅದರಲ್ಲಿ ಟೀ ಶರ್ಟ್, ಕಛೇರಿ, ಜಾಹೀರಾತು ಎಲ್ಲದರಲ್ಲೂ ಲೇಬಲ್‌ಗೆ ಪಾಲು. ಹಾಗಾಗಿ ಒಂದು ಹೂಡಿ ಮಾರಿದರೆ ದುಡ್ಡೂ ಬಂತು, ಚಾರ್ಟೂ ಏರಿತು.

2018 ಈ ಆಟದ ದೊಡ್ಡ ವರ್ಷ. ಮಾರ್ಚಿನಲ್ಲಿ ಬಾನ್ ಜೋವಿ ತಂಡದ 2016ರ ಒಂದು ಆಲ್ಬಂ ಏಕಾಏಕಿ ಮತ್ತೆ ಒಂದನೇ ಸ್ಥಾನಕ್ಕೆ ಬಂತು. ಪ್ರವಾಸದ ಟಿಕೆಟ್ ಜೊತೆ ಆಲ್ಬಂ ಕೊಟ್ಟಿದ್ದರು. ಮರು ವಾರ ಅದು 169ನೇ ಸ್ಥಾನಕ್ಕೆ ಬಿತ್ತು. ಒಂದರಿಂದ 169! ಜನ ಆ ಆಲ್ಬಮ್ಮನ್ನು ಹೊಸದಾಗಿ ಕೇಳಲು ಶುರು ಮಾಡಿದ್ದರೆ ಒಂದೇ ವಾರಕ್ಕೆ ಹೀಗೆ ನಿಲ್ಲಿಸುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ಕಛೇರಿ. ಸಿಕ್ಕಿದ್ದೂ ಕಛೇರಿ. ಆಲ್ಬಂ ಜೊತೆಗೆ ಬಂದಿತ್ತು, ಅಷ್ಟೇ.

ಆ ಆಗಸ್ಟಿನಲ್ಲಿ ಟ್ರಾವಿಸ್ ಸ್ಕಾಟ್ ಅವರ 'ಆಸ್ಟ್ರೋವರ್ಲ್ಡ್' ಬಂತು. ಮೊದಲ ವಾರ 5,37,000 ಯೂನಿಟ್. ಅದರಲ್ಲಿ 2,70,000 ನೇರ ಮಾರಾಟ. ಅವರ ವೆಬ್‌ಸೈಟಿನಲ್ಲಿ ಹೊಸ ಹೊಸ ಟೀ ಶರ್ಟು, ಟೋಪಿ, ಹೂಡಿ ಬರುತ್ತಿದ್ದವು. ಸ್ವಲ್ಪ ಹೊತ್ತು ಮಾತ್ರ ಸಿಗುತ್ತಿದ್ದವು. ಪ್ರತಿಯೊಂದರ ಜೊತೆಗೂ ಆಲ್ಬಂ. ಮರು ವಾರ ನಿಕ್ಕಿ ಮಿನಾಜ್ ಅವರ 'ಕ್ವೀನ್' 1,85,000 ಯೂನಿಟ್‌ನೊಂದಿಗೆ ಎರಡನೇ ಸ್ಥಾನಕ್ಕೆ ನಿಂತಿತು. ಎರಡನೇ ವಾರದ 'ಆಸ್ಟ್ರೋವರ್ಲ್ಡ್' 2,05,000ದೊಂದಿಗೆ ಮೇಲೆಯೇ ಇತ್ತು. ನಿಕ್ಕಿ ಬಹಿರಂಗವಾಗಿಯೇ ಸಿಟ್ಟು ತೋಡಿಕೊಂಡರು. ಟೀ ಶರ್ಟು, ಪ್ರವಾಸದ ಪಾಸುಗಳ ಬಲದಿಂದ ತನ್ನ ಸ್ಥಾನ ಹೋಯಿತು ಎಂಬುದು ಅವರ ದೂರು. ಆಗ ತುಂಬ ಜನ ಅದನ್ನು ಸೋತವರ ಗೊಣಗಾಟ ಎಂದು ಬಿಟ್ಟುಬಿಟ್ಟರು. ನನಗೆ ಹಾಗನ್ನಿಸುವುದಿಲ್ಲ. 'ಆಸ್ಟ್ರೋವರ್ಲ್ಡ್' ನಿಜಕ್ಕೂ ಜನ ಮುಗಿಬಿದ್ದು ಕೇಳಿದ ಆಲ್ಬಂ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ವಾರದ ಸ್ಪರ್ಧೆಯಲ್ಲಿ 20,000 ಯೂನಿಟ್ ಅಂತರ ಇರುವಾಗ ಬಟ್ಟೆಯಿಂದ ಬಂದದ್ದು ಎಷ್ಟು ಎಂಬ ಪ್ರಶ್ನೆ ಸಣ್ಣದಲ್ಲ.

2019ರ ಮೇ ತಿಂಗಳಲ್ಲಿ ಪಾತ್ರೆ ತುಂಬಿ ಹರಿಯಿತು. ಡಿಜೆ ಖಾಲಿದ್ ಅವರ ಆಲ್ಬಂ ಎನರ್ಜಿ ಡ್ರಿಂಕ್ ಜೊತೆ ಮಾರಾಟವಾಗುತ್ತಿತ್ತು. ಡ್ರಿಂಕ್ ಪ್ಯಾಕ್ ಕೊಂಡರೆ ಡೌನ್‌ಲೋಡ್ ಸಿಗುತ್ತದೆ. ಹಾಗೆ ಬಂದ ಮಾರಾಟ ಒಂದು ಲಕ್ಷದಷ್ಟಿತ್ತು ಎಂದು ಆಗ ವರದಿಯಾಗಿತ್ತು. ರಾಶಿ ರಾಶಿಯಾಗಿ ಕೊಳ್ಳಲು ಪ್ರೋತ್ಸಾಹ ಕೊಟ್ಟಿದ್ದಾರೆ ಎಂದು ಬಿಲ್‌ಬೋರ್ಡ್ ಅದರಲ್ಲಿ ಬಹುಪಾಲನ್ನು ತೆಗೆದುಹಾಕಿತು. ಟೈಲರ್ ದಿ ಕ್ರಿಯೇಟರ್ ಅವರ 'ಇಗೋರ್' 1,65,000ದೊಂದಿಗೆ ಗೆದ್ದಿತು. ಖಾಲಿದ್ ಎರಡನೇ ಸ್ಥಾನದಲ್ಲಿ ಉಳಿದರು. ಗಮನಿಸಬೇಕಾದ್ದು ಇನ್ನೊಂದಿದೆ. ಟೈಲರ್ ಕೂಡ ಟೀ ಶರ್ಟು, ಮನೆ ಮುಂದೆ ನೆಡುವ ಬೋರ್ಡು ಇವುಗಳ ಜೊತೆ ಆಲ್ಬಂ ಮಾರಿದ್ದರು. ಅವು ಎಣಿಕೆಯಾದವು. ಬೋರ್ಡ್ ಸರಿ, ಡ್ರಿಂಕ್ ತಪ್ಪು. ಈ ಗೆರೆ ಎಲ್ಲಿಂದ ಬಂತು ಎಂದು ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ.

ಅದೇ ಅಕ್ಟೋಬರಿನಲ್ಲಿ ಸೂಪರ್‌ಎಂ ಎಂಬ ಕೊರಿಯಾದ ತಂಡ ಒಂದನೇ ಸ್ಥಾನಕ್ಕೆ ಬಂತು. 1,68,000 ಯೂನಿಟ್. ಅದರಲ್ಲಿ 1,64,000 ನೇರ ಮಾರಾಟ. ಬಹಳಷ್ಟು ಟಿಕೆಟ್ ಮತ್ತು ಮರ್ಚ್ (ಟೀ ಶರ್ಟು, ಟೋಪಿಯಂಥ ಸಾಮಾನು) ಜೊತೆಗಿನದು. ಉಳಿದ ಸುಮಾರು 4,000 ಯೂನಿಟ್ ಮಾತ್ರ ಉಳಿದ ದಾರಿಗಳಿಂದ ಬಂದದ್ದು. ಆ ವಾರ ಅಮೆರಿಕದಲ್ಲಿ ಜನ ಅತಿ ಹೆಚ್ಚು ಕೇಳಿದ ಆಲ್ಬಂ ಅದೇ ಎಂದು ಈ ಅಂಕಿ ನೋಡಿ ಯಾರೂ ಹೇಳಲಾರರು. ಅತಿ ಹೆಚ್ಚು ಮಾರಿದ್ದು ಎಂದು ಹೇಳಬಹುದು. ಎರಡೂ ಬೇರೆ ಬೇರೆ ಮಾತು ಅಲ್ವಾ?

ಬಿಲ್‌ಬೋರ್ಡ್ ಮೊದಲು ಅರ್ಧ ದಾರಿ ಹೋಯಿತು. 2020ರ ಜನವರಿಯಿಂದ ಟೀ ಶರ್ಟನ್ನು ಆಲ್ಬಂ ಇಲ್ಲದೆಯೂ ಅದೇ ಸೈಟಿನಲ್ಲಿ, ಕಮ್ಮಿ ಬೆಲೆಗೆ ಮಾರಬೇಕು ಎಂದಿತು. ಗಾಯಕರ ಸ್ವಂತ ಅಂಗಡಿಯಲ್ಲೇ ಮಾರಬೇಕು, ಬೇರೆಯವರ ಸೈಟಿನಲ್ಲಿ ಅಲ್ಲ. ಆರು ತಿಂಗಳಲ್ಲಿ ಇದು ಸಾಲದು ಎಂದು ಅದೇ ಒಪ್ಪಿಕೊಂಡಿತು. 2020ರ ಜುಲೈನಲ್ಲಿ ಘೋಷಣೆ ಬಂತು, ಅಕ್ಟೋಬರ್ 9ರಿಂದ ಜಾರಿಗೆ ಬಂತು. ಟೀ ಶರ್ಟ್ ಅಥವಾ ಟಿಕೆಟ್ ಕೊಂಡ ಮೇಲೆ 'ಆಲ್ಬಂ ಕೂಡ ಬೇಕಾ?' ಎಂದು ಬೇರೆಯಾಗಿ ಕೇಳಬೇಕು. ಗ್ರಾಹಕ ಹೌದು ಎಂದು ಅದಕ್ಕೆ ದುಡ್ಡು ಕೊಟ್ಟರೆ ಮಾತ್ರ ಲೆಕ್ಕ. ಬೆಲೆಯೊಳಗೆ ಅಡಗಿಸಿಟ್ಟ ಆಲ್ಬಂ ಇನ್ನು ಮಾರಾಟವಲ್ಲ.

ಈ ನಿಯಮ ಸರಿಯಾಗಿತ್ತು ಎಂದೇ ನಾನು ನಂಬಿದ್ದೇನೆ. ಅಂಗಡಿಯಲ್ಲಿ ಬಟ್ಟೆ ಸೋಪಿನ ಪುಡಿ ಜೊತೆ ಬಕೆಟ್ ಉಚಿತ ಎಂದಿರುತ್ತದೆ. ಮನೆಯಲ್ಲಿ ಬಕೆಟ್ ಒಡೆದಿದೆ ಎಂದು ಆ ಪುಡಿಯನ್ನೇ ತಂದ ಅಮ್ಮಂದಿರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ. ಪುಡಿ ಕಂಪನಿಗೆ ದುಡ್ಡು ಬಂದದ್ದು ನಿಜ. ಆದರೆ ಆ ಮಾರಾಟ ನೋಡಿ 'ಜನಕ್ಕೆ ಈ ಪುಡಿಯೇ ಅತಿ ಇಷ್ಟ' ಎಂದು ಹೇಳಿದರೆ ಅದು ತಪ್ಪು ಮಾಹಿತಿ.

ಅಷ್ಟಾದರೂ ರಂಗೋಲಿಯ ಕೆಳಗೆ ಜಾಗ ಇತ್ತು. ಸಿಡಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಟೀ ಶರ್ಟಿನ ಜೊತೆ ಇಟ್ಟು ಬಾಕ್ಸ್ ಸೆಟ್ ಎಂದರು. ಗಾಯಕರ ಸಹಿ ಇರುವ ಸಿಡಿ ಬಂತು. 2023ರಲ್ಲಿ ಬಿಲ್‌ಬೋರ್ಡೇ ಫ್ಯಾನ್ ಪ್ಯಾಕ್ ಎಂಬ ಹೆಸರಿನಲ್ಲಿ ಕೆಲವು ಷರತ್ತು ಹಾಕಿ ಆಲ್ಬಂ ಜೊತೆ ಮರ್ಚ್ ಮಾರುವುದಕ್ಕೆ ಮತ್ತೆ ಬಾಗಿಲು ತೆರೆಯಿತು. ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ವೇರಿಯಂಟ್. ಬಂಡಲ್‌ನಲ್ಲಿ ಆಲ್ಬಂ ಬೇಡದವರನ್ನು ಕೇಳುಗರೆಂದು ಎಣಿಸುತ್ತಿದ್ದರು. ವೇರಿಯಂಟ್‌ನಲ್ಲಿ ಒಬ್ಬ ಕೇಳುಗನನ್ನೇ ನಾಲ್ಕು ಸಲ ಎಣಿಸುತ್ತಾರೆ.

ಟೇಲರ್ ಸ್ವಿಫ್ಟ್ ಅವರ 2022ರ 'ಮಿಡ್‌ನೈಟ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. ವಿನೈಲ್, ಅಂದರೆ ಗ್ರಾಮಫೋನ್ ತಟ್ಟೆ, ನಾಲ್ಕು ಬಣ್ಣದಲ್ಲಿ ಬಂತು. ನಾಲ್ಕೂ ಹೊದಿಕೆಯ ಹಿಂಭಾಗವನ್ನು ಜೋಡಿಸಿದರೆ ಒಂದು ಗಡಿಯಾರವಾಗುತ್ತದೆ. ಒಂದು ಕೊಂಡರೆ ಗಡಿಯಾರದ ಕಾಲು ಭಾಗ. ಮೊದಲ ವಾರ ವಿನೈಲ್ ಒಂದೇ 5,75,000 ಮಾರಾಟವಾಯಿತು. 2024ರ 'ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್' ಮೊದಲ ವಾರ 26 ಲಕ್ಷ ಯೂನಿಟ್ ದಾಟಿತು, ಅದರಲ್ಲಿ 19 ಲಕ್ಷಕ್ಕೂ ಜಾಸ್ತಿ ನೇರ ಮಾರಾಟ. 2025ರ ಅಕ್ಟೋಬರಿನ 'ದಿ ಲೈಫ್ ಆಫ್ ಎ ಶೋಗರ್ಲ್' ಹತ್ತಾರು ರೂಪದಲ್ಲಿ ಬಂದು ಮೊದಲ ವಾರ 40 ಲಕ್ಷ ದಾಟಿತು. ಅಮೆರಿಕದ ಚಾರ್ಟ್ ಇತಿಹಾಸದಲ್ಲೇ ಅದು ದಾಖಲೆ. ಅವರಿಗೆ ಕೋಟ್ಯಂತರ ಕೇಳುಗರು ಇದ್ದಾರೆ. ಒಂದೇ ರೂಪದಲ್ಲಿ ಬಿಟ್ಟಿದ್ದರೂ ಅವರು ಒಂದನೇ ಸ್ಥಾನಕ್ಕೇ ಬರುತ್ತಿದ್ದರು. ಅದಕ್ಕೇ ನನಗೆ ಜಾಸ್ತಿ ಬೇಸರ. ಗೆಲ್ಲಲು ಅಗತ್ಯವೇ ಇಲ್ಲದವರು ಹೀಗೆ ಮಾಡಿದಾಗ ಉಳಿದವರಿಗೆ ಬೇರೆ ದಾರಿ ಉಳಿಯುವುದಿಲ್ಲ. 2024ರಲ್ಲಿ ಬಿಲ್ಲಿ ಐಲಿಶ್ ಇದನ್ನು ನೇರವಾಗಿ ಹೇಳಿದರು. ದೊಡ್ಡ ಗಾಯಕರು ಒಂದೇ ಆಲ್ಬಂಗೆ 40 ಬಗೆಯ ವಿನೈಲ್ ಮಾಡುವುದು ವ್ಯರ್ಥ ಎಂಬುದು ಅವರ ಮಾತು. ಆ ವರ್ಷ ಅವರ ಆಲ್ಬಂ ಕೂಡ ಹಲವು ಬಣ್ಣಗಳ ವಿನೈಲ್‌ನಲ್ಲಿ ಬಂತು, ಮರುಬಳಕೆಯ ವಸ್ತುವಿನಿಂದ ಮಾಡಿದ್ದು. ಒಳಗಿದ್ದುಕೊಂಡು ಒಬ್ಬರೇ ಹೊರಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಇದರಿಂದ ಗೊತ್ತಾಗುತ್ತದೆ.

ಇದರ ಹೊರೆ ಬೀಳುವುದು ಸಣ್ಣವರ ಮೇಲೆ. 2021ರ ಸುಮಾರಿಗೆ ವಿನೈಲ್ ಒತ್ತುವ ಕಾರ್ಖಾನೆಗಳಲ್ಲಿ ತಿಂಗಳುಗಟ್ಟಲೆ ಸರದಿ ಇತ್ತು. 500 ಪ್ರತಿ ಮಾಡಿಸುವ ಸಣ್ಣ ಬ್ಯಾಂಡ್ ಲಕ್ಷಗಟ್ಟಲೆ ಮಾಡಿಸುವವರ ಹಿಂದೆ ನಿಂತು ಕಾಯಬೇಕು. ಅಂಥ ಬ್ಯಾಂಡಿಗೆ ಕಛೇರಿಯ ಬಾಗಿಲಲ್ಲಿ ಮೇಜು ಹಾಕಿ ಟೀ ಶರ್ಟ್ ಮಾರುವುದೇ ಹೊಟ್ಟೆಪಾಡು. ಸ್ಟ್ರೀಮಿಂಗ್‌ನಿಂದ ಅವರಿಗೆ ಸಿಗುವುದು ತೀರಾ ಕಮ್ಮಿ. ಹಾಗಾಗಿ ಟೀ ಶರ್ಟ್ ಮಾರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಾರಲಿ, ಚೆನ್ನಾಗಿ ಮಾರಲಿ. ಅದು ಟೀ ಶರ್ಟ್ ಎಂದೇ ಎಣಿಕೆಯಾಗಲಿ.

ಜಪಾನ್ ಮತ್ತು ಕೊರಿಯಾದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಜಪಾನಿನ ಎಕೆಬಿ48 ತಂಡದ ಸಿಡಿಯೊಳಗೆ ಮತದ ಚೀಟಿ ಇರುತ್ತಿತ್ತು. ತಂಡದಲ್ಲಿ ಯಾರು ಮುಂದೆ ನಿಲ್ಲಬೇಕು ಎಂದು 2009ರಿಂದ 2018ರವರೆಗೆ ಅಭಿಮಾನಿಗಳು ಹಾಗೆ ಮತ ಹಾಕಿದರು. ಜಾಸ್ತಿ ಸಿಡಿ, ಜಾಸ್ತಿ ಮತ. 2017ರಲ್ಲಿ ಒಬ್ಬ ಅಭಿಮಾನಿ ನೂರಾರು ಸಿಡಿಗಳನ್ನು ಬೆಟ್ಟದಲ್ಲಿ ಎಸೆದು ಕೇಸು ಹಾಕಿಸಿಕೊಂಡ. ಕೊರಿಯಾದಲ್ಲಿ ಫೋಟೊಕಾರ್ಡ್ ಇದೆ. ಪೆಟ್ಟಿಗೆ ಒಡೆಯುವವರೆಗೂ ಒಳಗೆ ಯಾರ ಚಿತ್ರ ಇದೆ ಎಂದು ಗೊತ್ತಾಗುವುದಿಲ್ಲ. ಗಾಯಕರನ್ನು ಎದುರಿಗೆ ಕಂಡು ಸಹಿ ಪಡೆಯಲು ಲಾಟರಿ ಇದೆ. ಒಂದು ಆಲ್ಬಂ ಎಂದರೆ ಒಂದು ಚೀಟಿ. 2024ರ ವಸಂತದಲ್ಲಿ ಸೆವೆಂಟೀನ್ ತಂಡದ ಆಲ್ಬಂಗಳ ರಾಶಿ ಟೋಕಿಯೊದ ಶಿಬುಯಾದ ರಸ್ತೆ ಬದಿಯಲ್ಲಿ ಬಿದ್ದಿತ್ತು. ಫೋಟೊಕಾರ್ಡ್ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಹೋಗಿದ್ದರು. ಕೊರಿಯಾದ ಪರಿಸರ ಸಚಿವಾಲಯದ ಅಂಕಿ ಪ್ರಕಾರ ಅಲ್ಲಿನ ಸಂಗೀತ ಕಂಪನಿಗಳು ಆಲ್ಬಂ ಮಾಡಲು ಬಳಸಿದ ಪ್ಲಾಸ್ಟಿಕ್ 2017ರಲ್ಲಿ 55.8 ಟನ್ ಇತ್ತು. 2022ರಲ್ಲಿ 801.5 ಟನ್ ಆಯಿತು. ಅದೇ ಕಾಲದಲ್ಲಿ ಜನ ಸಿಡಿಯಲ್ಲಿ ಹಾಡು ಕೇಳುವುದನ್ನೇ ಬಿಟ್ಟಿದ್ದರು.

ಬೆಂಗಳೂರಿನ ಕೆ-ಪಾಪ್ ಅಭಿಮಾನಿಗಳೂ ಈ ಸರಪಳಿಯ ಒಂದು ಕೊಂಡಿ. ಹತ್ತಿಪ್ಪತ್ತು ಜನ ಸೇರಿ ಗ್ರೂಪ್ ಆರ್ಡರ್ ಹಾಕುತ್ತಾರೆ. ಸಾಗಣೆ ಮತ್ತು ಕಸ್ಟಮ್ಸ್ ಖರ್ಚು ಹಂಚಿಕೊಳ್ಳುತ್ತಾರೆ. ಚಾರ್ಟಿಗೆ ಎಣಿಕೆಯಾಗುವ ಅಂಗಡಿಯಿಂದಲೇ ತರಿಸಬೇಕು ಎಂದು ಕಾಳಜಿ ಮಾಡುತ್ತಾರೆ. ಆ ಪ್ರೀತಿಯಲ್ಲಿ ಒಂದು ಚೂರೂ ಸುಳ್ಳಿಲ್ಲ. ಕಾಲೇಜು ಹುಡುಗಿಯರು ಕ್ಯಾಂಟೀನ್ ದುಡ್ಡು ಉಳಿಸಿ ಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಪ್ರೀತಿಯನ್ನೇ ಎಷ್ಟು ಸಲ ಬಿಲ್ ಮಾಡಬಹುದು ಎಂದು ಯಾರೋ ದೂರದಲ್ಲಿ ಕೂತು ಯೋಚಿಸುತ್ತಿದ್ದಾರೆ. ನನ್ನ ಸಿಟ್ಟೆಲ್ಲ ಅವರ ಮೇಲೆ.

ಇದನ್ನೆಲ್ಲ ಅಕ್ಕನ ಮಗಳ ಹತ್ತಿರ ಹೇಳಿದೆ. ಅವಳು ಸುಮ್ನೆ ಒಪ್ಪಲಿಲ್ಲ. "ನಾನು ಮೂರಕ್ಕೂ ದುಡ್ಡು ಕೊಟ್ಟಿದ್ದೀನಲ್ವಾ ಮಾವ? ಮತ್ತೆ ಮೂರು ಅಂತ ಎಣಿಸಿದ್ರೆ ಏನು ತಪ್ಪು?" ಅಂದಳು. ಒಳ್ಳೆಯ ಪ್ರಶ್ನೆ. ಮಾರಾಟದ ಲೆಕ್ಕ ಇಡುವ ಪುಸ್ತಕದಲ್ಲಿ ಮೂರು ಎಂದೇ ಬರೆಯಬೇಕು. ಆದರೆ ಚಾರ್ಟ್ ತನ್ನನ್ನು ಅಂಗಡಿಯ ಪುಸ್ತಕ ಎಂದು ಕರೆದುಕೊಳ್ಳುವುದಿಲ್ಲ. ಈ ವಾರದ ಅತಿ ಜನಪ್ರಿಯ ಆಲ್ಬಂ ಯಾವುದು ಎಂದು ಹೇಳುತ್ತೇನೆ ಎನ್ನುತ್ತದೆ. ಹಾಗೆ ಹೇಳಬೇಕಾದರೆ ಜನರನ್ನು ಎಣಿಸಬೇಕು. ಎಷ್ಟು ಜನ ಕೊಂಡರು, ಎಷ್ಟು ಪ್ರತಿ ಹೋದವು ಎಂದು ಎರಡು ಅಂಕಿಯನ್ನೂ ಅಕ್ಕಪಕ್ಕ ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಗಾಯಕರ ಸ್ವಂತ ಸೈಟಿನಲ್ಲಿ ಯಾರು ಎಷ್ಟು ಕೊಂಡರು ಎಂಬುದು ಆ ಅಂಗಡಿಗೆ ಗೊತ್ತೇ ಇರುತ್ತದೆ. ಕೊಡುವ ಮನಸ್ಸು ಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಒಂದಿದೆ. 'ಒಂದನೇ ಸ್ಥಾನ' ಎಂಬ ಸುದ್ದಿ ಬಂದಾಗ ಕೆಳಗಿನ ಸಾಲೂ ಓದಬೇಕು. ಬಿಲ್‌ಬೋರ್ಡ್ ಪ್ರತಿ ವಾರ ದೊಡ್ಡ ಆಲ್ಬಂಗಳ ಮಾರಾಟ ಎಷ್ಟು, ಸ್ಟ್ರೀಮಿಂಗ್ ಎಷ್ಟು ಎಂದು ಬಿಡಿಸಿ ಕೊಡುತ್ತದೆ. ಎರಡನೇ ವಾರ, ಐದನೇ ವಾರ ಆ ಆಲ್ಬಂ ಎಲ್ಲಿದೆ ಎಂದು ನೋಡಬೇಕು. ಪೆಟ್ಟಿಗೆಯ ಆಸೆಗೆ ಕೊಂಡದ್ದೆಲ್ಲ ಮೊದಲ ವಾರಕ್ಕೇ ಮುಗಿದಿರುತ್ತದೆ. ಐದನೇ ವಾರ ಉಳಿದಿರುವವರಲ್ಲಿ ಹೆಚ್ಚಿನವರು ಹಾಡಿಗಾಗಿ ಬಂದವರು.

ಅಕ್ಕನ ಮಗಳು ಮುಂದಿನ ಆಲ್ಬಂನ ಗ್ರೂಪ್ ಆರ್ಡರಿಗೆ ಹೆಸರು ಕೊಟ್ಟಿದ್ದಾಳೆ. ಈ ಸಲ ಎರಡು ಅಂದಳು. ಮೂರನೆಯದರ ದುಡ್ಡಿನಲ್ಲಿ ಅವಳು ಮತ್ತು ಗೆಳತಿ ಸೇರಿ ಹಳೆಯ ಸಿಡಿ ಪ್ಲೇಯರ್ ಒಂದನ್ನು ಹುಡುಕುತ್ತಿದ್ದಾರಂತೆ.